ಮುಂಗಡ ಜಗಳದ ಬಾಯಾರು

ಈ ಯುಗಾದಿಗೆ ಬಾಯಾರು ವಕೀಲಿಕೆ ಬಿಟ್ಟರು. ಸುಮ್ಮನೆ ಬಿಟ್ಟು ಎದ್ದು ಹೋಗುವ ಪೈಕಿ ಅವರಲ್ಲ. ನನಗೂ ತಮಗೂ ನಡುವೆ ಒಂದು ಬೇರೆಯಾಗುವ ಕರಾರು ಬರೆದು, ಇಬ್ಬರು ಸಾಕ್ಷಿದಾರರ ಸಹಿ ಹಾಕಿಸಿಯೇ ಬಿಟ್ಟರು. ಬೈಲಹೊಂಗಲದ ಬಜಾರದ ಹಿಂದಿನ ಓಣಿಯಲ್ಲಿ ಇಷ್ಟು ವರ್ಷ ಇಬ್ಬರೂ ವಕೀಲಿಕೆ ನಡೆಸಿದ ಆ ಕೋಣೆಯಲ್ಲಿ ಟೇಬಲ್ಲು ನನಗೆ, ಕುರ್ಚಿ ನನಗೆ, ಕುರ್ಚಿಯ ಮೇಲಿನ ದಿಂಬು ಅವರಿಗೆ. ಫ್ಯಾನು ನನಗೆ, ಆದರೆ ಅವರು ಮಾತಾಡಿಸಲು ಬಂದಾಗ ಅದನ್ನು ಜೋರಾಗಿ ತಿರುಗಿಸತಕ್ಕದ್ದು. ಕಾನೂನು ಪುಸ್ತಕಗಳು ನನಗೆ. ಅವುಗಳ ಹಾಳೆಗಳ ನಡುವೆ ಒಣಗಲಿಟ್ಟ ಕರಿಬೇವು ಅವರಿಗೆ. ಕೊನೆಯ ಕಲಮಿನಲ್ಲಿ, ನಾನು ಅವರ ಬಗ್ಗೆ ಊರ ತುಂಬ ಏನು ಬೇಕಾದರೂ ಮಾತಾಡಬಹುದು, ಹೆಸರು ಮಾತ್ರ ಹೇಳಕೂಡದು ಎಂದು ಬರೆದಿದೆ. ಸಹಿ ಮಾಡಿದ್ದೇನೆ. ಆದ್ದರಿಂದ ಮಾತಾಡುತ್ತೇನೆ, ಹೆಸರು ಹೇಳುವುದಿಲ್ಲ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರು ಎನ್ನುತ್ತಾರೆ. ಇವರು ಒಂದು ದಿನವೂ ಸಾಲಿ ಕಲಿಸಿದವರಲ್ಲ. ಆದರೂ ಕೋರ್ಟಿನ ಪಟ್ಟೇವಾಲನಿಂದ ಹಿಡಿದು ಎದುರಿನ ಪಾರ್ಟಿಯ ದೊಡ್ಡ ವಕೀಲರ ತನಕ ಎಲ್ಲರಿಗೂ ಬಾಯಾರೇ. ಅವರ ಮುಂದೆ ನಿಂತರೆ ಎಂಥವನಿಗೂ ಪಾಠ ಬರೆಯದೆ ಬಂದೆನಲ್ಲ ಎಂಬ ಅಳುಕು ಬರುತ್ತಿತ್ತು. ಗಿಡ್ಡ ಆಳು, ಇಳಕಲ್ ಸೀರೆ, ಅದರ ಮೇಲೆ ಒಂದು ಕರಿ ಕೋಟು. ಆ ಕೋಟಿನ ಒಂದು ಜೇಬಿನಲ್ಲಿ ಶೇಂಗಾ, ಇನ್ನೊಂದರಲ್ಲಿ ಶೇಂಗಾದ ಸಿಪ್ಪೆ. ನ್ಯಾಯಾಧೀಶರ ಮುಂದೆ ಮಾತಾಡುತ್ತಿದ್ದಾಗಲೂ ಕೈ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಓಡಾಡುತ್ತಲೇ ಇರುತ್ತಿತ್ತು. ಯಾವ ನ್ಯಾಯಾಧೀಶರೂ ಅದನ್ನು ಕೇಳುವ ಧೈರ್ಯ ಮಾಡಲಿಲ್ಲ.

ಅವರು ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ನೋಡಾಕ ಬಂದವರು ಭಾಳ ಮಂದಿ. ಕರಡು ಬರದುಕೊಂಡು ಬಂದಾಂವ ಒಬ್ಬನೂ ಇರಲಿಲ್ಲ.”

ಬೇರೆಯವರ ಮದುವೆಗೆ ಮಾತ್ರ ತಪ್ಪದೆ ಹೋಗುತ್ತಿದ್ದರು. ಜನರೂ ಕರೆಯುತ್ತಿದ್ದರು, ಆದರೆ ಒಳಗೊಳಗೇ ಹೆದರುತ್ತಿದ್ದರು. ಯಾಕೆಂದರೆ ಬಾಯಾರು ಉಡುಗೊರೆ ಕೊಡುವುದು ಯಾವಾಗಲೂ ಜೋಡಿ. ತಾಟು ಕೊಟ್ಟರೆ ಎರಡು ತಾಟು, ಚಾದರ ಕೊಟ್ಟರೆ ಎರಡು ಚಾದರ, ಎರಡೂ ಒಂದೇ ಬಣ್ಣ, ಒಂದೇ ಅಳತೆ. ಗಂಡ ಹೆಂಡತಿ ಇಬ್ಬರಿಗೂ ಇರಲಿ ಅಂತ ತಂದಿರಬೇಕು ಎಂದು ಮದುಮಗಳ ತಾಯಿ ಕೈಮುಗಿದರೆ, ಹೌದವಾ, ಮುಂದ ಹಂಚಾಕ ತ್ರಾಸ ಆಗಬಾರದು ಎಂದು ಹೇಳಿ ಊಟಕ್ಕೆ ಹೋಗುತ್ತಿದ್ದರು. ನನ್ನ ಮದುವೆಗೂ ಎರಡು ಗಡಿಯಾರ ಕೊಟ್ಟಿದ್ದಾರೆ. ಒಂದು ನಡುಮನೆಯಲ್ಲಿದೆ. ಇನ್ನೊಂದನ್ನು ನನ್ನ ಹೆಂಡತಿ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದಾಳೆ. ಯಾಕೆ ಇಟ್ಟಿದ್ದೀ ಎಂದು ಕೇಳುವ ಗೋಜಿಗೆ ನಾನು ಹೋಗಿಲ್ಲ.

ನಾನು ಸುರೇಬಾನದವನು. ಕಾನೂನು ಓದಿ ಮುಗಿಸಿ, ತಲೆಯ ತುಂಬ ಕಲಮುಗಳನ್ನು ಹೊತ್ತುಕೊಂಡು ಅವರ ಕೈಕೆಳಗೆ ಬಂದೆ. ನಮ್ಮ ಕಡೆ ಹಿಂದೆ ಗಂಡ ಹೆಂಡತಿ ಬೇರೆಯಾಗುವುದಿದ್ದರೆ ನಾಲ್ಕು ಮಂದಿ ಪಂಚರು ಕೂತು ಸೋಡಚೀಟಿ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಈಗ ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋದರೆ ಹೆಚ್ಚಿನವರಿಗೆ ಉಪಯೋಗವಿಲ್ಲ. ಬೇರೆ ಬೇರೆ ಇರುತ್ತೇವೆ ಎಂದು ಮೊದಲು ಒಂದು ಕರಾರು ಮಾಡಿಕೊಂಡು, ವರ್ಷ ಕಳೆದ ಮೇಲೆ ಇಬ್ಬರೂ ಒಪ್ಪಿ ವಿಚ್ಛೇದನದ ಅರ್ಜಿ ಹಾಕುವುದು ಸರಿಯಾದ ದಾರಿ. ಅಂಥ ಒಂದು ಕರಾರಿನ ಕರಡನ್ನು ಬರೆಯಲು ಬಾಯಾರು ನನಗೆ ಹೇಳಿದರು. ನಾನು ಕಷ್ಟಪಟ್ಟು ಬರೆದೆ. ಯಾವ ದಿನದಿಂದ ಬೇರೆ, ಯಾರು ಎಲ್ಲಿ ಇರುವುದು, ಜೀವನಾಂಶ ಎಷ್ಟು, ಮಗು ಯಾರ ಹತ್ತಿರ, ರಜೆಯಲ್ಲಿ ಯಾರ ಹತ್ತಿರ, ತವರಿನ ಬಂಗಾರ ಹೆಂಡತಿಗೆ, ಬ್ಯಾಂಕಿನ ಸಾಲ ಯಾರ ತಲೆಗೆ, ಎಲ್ಲವೂ ಇತ್ತು. ನನಗೇ ನನ್ನ ಮೇಲೆ ಅಭಿಮಾನ ಉಕ್ಕುವಷ್ಟು ಚೆನ್ನಾಗಿತ್ತು.

ಬಾಯಾರು ಓದಿ, ಶೇಂಗಾ ಒಡೆದು, ಹೇಳಿದರು: “ಚಲೋ ಬರದಿ ತಮ್ಮಾ. ಆದರ ಇವರಿಬ್ಬರೂ ನಾಳೆ ಮುಂಜಾನೆ ಎದ್ದು ಯಾವುದಕ್ಕ ಜಗಳಾಡತಾರ, ಅದು ಇದರಾಗ ಎಲ್ಲೈತಿ?”

ಆಗ ಅವರು ತಮ್ಮ ಜೀವಮಾನದ ಸಿದ್ಧಾಂತವನ್ನು ನನ್ನ ಮುಂದಿಟ್ಟರು. ಮನೆ, ಬಂಗಾರ, ಮಕ್ಕಳು ಇವೆಲ್ಲ ದೊಡ್ಡ ಮಾತು. ದೊಡ್ಡದ್ದನ್ನು ಯಾರೂ ಮರೆಯುವುದಿಲ್ಲ, ತಾವಾಗಿಯೇ ಹೇಳುತ್ತಾರೆ. ಸಂಸಾರ ಮುರಿಯುವುದೂ ಸಣ್ಣದಕ್ಕೆ, ಮುರಿದ ಮೇಲೆ ಹೊಡೆದಾಡುವುದೂ ಸಣ್ಣದಕ್ಕೆ. ಆದ್ದರಿಂದ ಸಣ್ಣದ್ದನ್ನು ಬರೆಯಬೇಕು.

ಬರೆಯುವ ಮೊದಲು ಅವರು ಗಂಡ ಹೆಂಡತಿಯನ್ನು ಎದುರುಬದುರು ಕೂಡಿಸಿ, ನಡುವೆ ಒಂದು ದೊಡ್ಡ ತಾಟಿನಲ್ಲಿ ಗಿರ್ಮಿಟ್ಟು ಇಡುತ್ತಿದ್ದರು. ಚುರುಮುರಿಯ ಆ ಗಿರ್ಮಿಟ್ಟನ್ನು ಅವರು ಮನೆಯಿಂದಲೇ ಕಲಸಿ ತರುತ್ತಿದ್ದರು, ಖಾರ ಸ್ವಲ್ಪ ಮುಂದಾಗಿಯೇ ಇರುತ್ತಿತ್ತು. ತಿನ್ನುತ್ತ ತಿನ್ನುತ್ತ ಇಬ್ಬರೂ ಮುಂದೆ ಆಡುವ ಜಗಳಗಳನ್ನೆಲ್ಲ ಈಗಲೇ ಆಡಿ ಮುಗಿಸಬೇಕು. ಇದಕ್ಕೆ ಮುಂಗಡ ಜಗಳ ಎಂದು ಹೆಸರು. ಒಂದೊಂದು ಜಗಳ ಮುಗಿದಂತೆ ಬಾಯಾರು ಒಂದೊಂದು ಕಲಮು ಬರೆಯುತ್ತಿದ್ದರು. ಜಗಳ ತಣ್ಣಗಾದರೆ ಇನ್ನಷ್ಟು ಹಸಿಮೆಣಸಿನಕಾಯಿ ಬೀಳುತ್ತಿತ್ತು.

ರಾಮದುರ್ಗದಿಂದ ಬಂದ ನೇಕಾರ ದಂಪತಿಗಳ ಮುಂಗಡ ಜಗಳ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮಗ್ಗವನ್ನು, ಮನೆಯನ್ನು ಚಹಾ ಕುಡಿಯುವುದರೊಳಗೆ ಹಂಚಿಕೊಂಡರು. ಕುಕ್ಕರಿನ ಹತ್ತಿರ ಬಂದು ಗಾಡಿ ನಿಂತಿತು. ಕುಕ್ಕರು ಹೆಂಡತಿಯ ತವರಿನದು. ಆದರೆ ಅದರ ಶಿಟಿ ಕಳೆದುಹೋದಾಗ ಹೊಸದನ್ನು ತಂದವನು ಗಂಡ. ಶಿಟಿ ನನ್ನದು ಎಂದು ಅವನು ಪಟ್ಟು ಹಿಡಿದ. ಬಾಯಾರು ಗಂಭೀರವಾಗಿ, ಕುಕ್ಕರು ಆಕೆಗೆ, ಶಿಟಿ ಅವನಿಗೆ ಎಂದು ಬರೆದರು. ಆ ಮನುಷ್ಯ ಶಿಟಿಯನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಗೆದ್ದವನಂತೆ ಹೋದ. ಆಕೆ ಮರುದಿನ ಬಜಾರದಲ್ಲಿ ಬೇರೆ ಶಿಟಿ ಕೊಂಡಳು. ಇದು ಗೊತ್ತಾಗಿ ಅವನು, ಆಕೆ ಕರಾರು ಮುರಿದಿದ್ದಾಳೆ ಎಂದು ದೂರು ತಂದ. ಬಾಯಾರು ಅವನಿಗೂ ಒಂದು ತಾಟು ಗಿರ್ಮಿಟ್ಟು ತಿನ್ನಿಸಿ, ಕರಾರಿನಲ್ಲಿ ಶಿಟಿಯ ಮಾತಿದೆ, ಊದುವ ಮಾತಿಲ್ಲ ಎಂದು ತಿಳಿಹೇಳಿ ಕಳಿಸಿದರು.

ಕಿತ್ತೂರಿನ ಗಂಡ ಹೆಂಡತಿ ಇಬ್ಬರೂ ಕಲಿತವರು, ನೌಕರಿಯವರು. ಅವರದು ವಾಟ್ಸಾಪಿನ ವ್ಯಾಜ್ಯ. ಹೆಂಡತಿಯ ತವರಿನ ಗುಂಪಿನಲ್ಲಿ ಗಂಡನೂ ಇದ್ದ, ಬೇರೆಯಾದ ಮೇಲೂ ಅಲ್ಲೇ ಇರಬೇಕೆಂದು ಅವನ ಆಸೆ. ಮಾವ ದಿನಾ ಬೆಳಿಗ್ಗೆ ಕಳಿಸುವ ಹವಾಮಾನದ ಸುದ್ದಿ ಓದದಿದ್ದರೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲವಂತೆ. ಕೊನೆಗೆ, ಗುಂಪಿನಲ್ಲಿ ಇರಬಹುದು, ಓದಬಹುದು, ಯಾರಾದರೂ ತೀರಿಕೊಂಡರೆ ಕೈಮುಗಿಯುವ ಚಿತ್ರ ಹಾಕಬಹುದು, ಶುಭೋದಯದ ಹೂವು ಹಾಕಕೂಡದು ಎಂದು ತೀರ್ಮಾನವಾಯಿತು.

ಸವದತ್ತಿಯ ಒಂದು ಜೋಡಿಯದು, ಎಲ್ಲಮ್ಮನ ಗುಡ್ಡಕ್ಕೆ ಇಬ್ಬರೂ ಕೂಡಿಯೇ ಬರುತ್ತೇವೆ ಎಂಬ ಹಳೆಯ ಹರಕೆ ಬಾಕಿ ಇತ್ತು. ಎಲ್ಲಮ್ಮನ ಹರಕೆ ಬಾಕಿ ಇಟ್ಟು ಬೇರೆಯಾಗಲು ಇಬ್ಬರಿಗೂ ಹೆದರಿಕೆ, ಕೂಡಿ ಹೋಗಲು ಇಬ್ಬರಿಗೂ ಸಿಟ್ಟು. ಒಂದೇ ಬಸ್ಸಿನಲ್ಲಿ ಹೋಗತಕ್ಕದ್ದು, ಆಕೆ ಮುಂದಿನ ಬಾಗಿಲಿನಿಂದ ಹತ್ತತಕ್ಕದ್ದು, ಅವನು ಹಿಂದಿನ ಬಾಗಿಲಿನಿಂದ, ಕಂಡಕ್ಟರನನ್ನು ಇಬ್ಬರ ನಡುವಿನ ಗಡಿ ಎಂದು ತಿಳಿಯತಕ್ಕದ್ದು ಎಂದು ಬಾಯಾರು ಬರೆದರು. ಬಸ್ಸಿಗೆ ಒಂದೇ ಬಾಗಿಲಿದ್ದರೆ ಎಂದು ನಾನು ಕೇಳಿದೆ. ಹಂಗಾರ ಮುಂದಿನ ಬಸ್ಸು ಎಂದರು.

ಈ ನಾಲ್ಕು ತಾಲೂಕಿನ ಕೋರ್ಟುಗಳಿಗೂ ಬಸ್ಸಿನಲ್ಲೇ ಅಡ್ಡಾಡಿ ಅವರಿಗೆ ಊರೂರಿನ ಸ್ವಭಾವ ಬಾಯಿಪಾಠವಾಗಿತ್ತು. ರಾಮದುರ್ಗದವರು ಸಾಮಾನಿಗೆ ಜಗಳಾಡುತ್ತಾರೆ, ಕಿತ್ತೂರಿನವರು ಮಾನಕ್ಕೆ, ಸವದತ್ತಿಯವರು ದೇವರಿಗೆ, ನಮ್ಮ ಬೈಲಹೊಂಗಲದವರಿಗೆ ಮಾತ್ರ ಕಾರಣ ಬೇಕಾಗುವುದಿಲ್ಲ ಎನ್ನುತ್ತಿದ್ದರು. ಬೈಲಹೊಂಗಲದವರು ಇದನ್ನು ಕೇಳಿ ಜಗಳಕ್ಕೆ ಬಂದರೆ, ನೋಡ್ರಿ ಎಂದು ನನ್ನ ಕಡೆ ತಿರುಗುತ್ತಿದ್ದರು.

ಇಂಥ ಬಾಯಾರು ಒಂದು ಸಲ ಮುಗ್ಗರಿಸಿದರು. ಸಣ್ಣ ಮುಗ್ಗರಿಕೆ ಅಲ್ಲ. ನಾನೂ ಅವರ ಪಕ್ಕದಲ್ಲೇ ಬಿದ್ದಿದ್ದರಿಂದ ನಗುವ ಹಕ್ಕು ನನಗಿಲ್ಲ, ಆದರೂ ನಗುತ್ತೇನೆ.

ಸಂಪಗಾಂವದಿಂದ ರೇಣುಕಾ ಎಂಬ ಹೆಣ್ಣುಮಗಳು ಬಂದಳು. ಮೂವತ್ತು ದಾಟಿದ ವಯಸ್ಸು, ಮಕ್ಕಳಾಗಿರಲಿಲ್ಲ. ಜಂಪರು ಹೊಲಿದು, ಕೌದಿ ಹೊಲಿದು ಗಳಿಸುತ್ತಿದ್ದಳು. ಗಂಡ ಈರಣ್ಣ ಹೊಡೆಯುವವನಲ್ಲ, ಕುಡಿಯುವವನಲ್ಲ. ಅವನ ಜೀವವೆಲ್ಲ ಗುಡುಗ ಎಂಬ ಒಂದು ಟಗರಿನ ಮೇಲೆ. ಟಗರಿನ ಕಾಳಗ ಎಲ್ಲಿ ನಡೆದರೂ ಅವನು ಅಲ್ಲಿ ಹಾಜರು. ಗುಡುಗನಿಗೆ ಬೆಳಿಗ್ಗೆ ತತ್ತಿ, ಸಂಜೆ ಹಾಲು, ಕೊಂಬಿಗೆ ಎಣ್ಣೆ. ಬೇಸಿಗೆಯಲ್ಲಿ ಮನೆಯ ಒಂದೇ ಫ್ಯಾನಿನ ಕೆಳಗೆ ಗುಡುಗ ಮಲಗುತ್ತಿತ್ತು, ಮನೆಯ ಹೆಂಗಸರು ಅಂಗಳದಲ್ಲಿ ಸೊಳ್ಳೆ ಹೊಡೆದುಕೊಳ್ಳುತ್ತಿದ್ದರು. ಇದನ್ನೆಲ್ಲ ರೇಣುಕಾ ಸಹಿಸಿದ್ದಳು. ಒಂದು ದಿನ ತಾಳ್ಮೆ ತಪ್ಪಿ, ಈ ಮನೆಯಲ್ಲಿ ಟಗರು ಇರಬೇಕು ಇಲ್ಲವೇ ನಾನಿರಬೇಕು, ಹೇಳು ಎಂದು ಕೇಳಿಬಿಟ್ಟಳು.

“ಟಗರ ಅಂತ ಅಂದಿದ್ರೂ ತಡಕೋತಿದ್ದೆ ಬಾಯಾರ,” ಎಂದಳು. “ಅಂವ ವಿಚಾರ ಮಾಡಿದ. ಗೋಡೆಗೆ ಆನಿಕೊಂಡು ಕುಂತು, ಚಹಾ ಕುಡದು, ವಿಚಾರ ಮಾಡಿದ. ಆ ವಿಚಾರ ಮಾಡಿದ್ದಕ್ಕ ನಾ ಅವನ್ನ ಬಿಡಬೇಕು.”

ಬಾಯಾರು ಇದು ನ್ಯಾಯವಾದ ಕಾರಣ ಎಂದು ಒಪ್ಪಿಕೊಂಡರು. ನಾನು ಆ ಹೊತ್ತಿಗೆ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ನನ್ನದೇ ಬೋರ್ಡು ಹಾಕಿಕೊಂಡಿದ್ದೆ. ಎರಡೂ ಕಡೆಗೆ ಒಬ್ಬರೇ ವಕೀಲರು ನಿಲ್ಲುವುದು ಸರಿಯಲ್ಲವಾದ್ದರಿಂದ ಈರಣ್ಣನ ಕಡೆಗೆ ನಾನು ನಿಂತೆ. ಅಂದರೆ ನನ್ನ ಕುರ್ಚಿಯನ್ನು ಸ್ವಲ್ಪ ಆ ಕಡೆ ತಿರುಗಿಸಿಕೊಂಡೆ.

ಮುಂಗಡ ಜಗಳದ ದಿನ ಸಂಪಗಾಂವದಿಂದ ಮೂವರು ಬಂದರು. ಮೂರನೆಯವಳು ಈರಣ್ಣನ ತಾಯಿ ಗಂಗವ್ವ. ಒಣಕಲು ಮೈ, ಹಣೆಯ ತುಂಬ ವಿಭೂತಿ, ಉಡಿಯಲ್ಲಿ ಪೇರಲ ಹಣ್ಣು. ಗಂಡ ಹೆಂಡತಿಯ ಮಾತಿನಲ್ಲಿ ಮುದುಕಿಗೆ ಏನು ಕೆಲಸ ಎಂದು ಬಾಯಾರೇ ಆಕೆಯನ್ನು ಹೊರಗಿನ ಕಟ್ಟೆಯ ಮೇಲೆ ನೆರಳಿಗೆ ಕೂಡಿಸಿದರು. ಗಂಗವ್ವ ಕಿಟಕಿಯ ಕೆಳಗೆ ಕೂತು ಪೇರಲ ಕಚ್ಚತೊಡಗಿದಳು.

ಒಳಗೆ ಸರಸರನೆ ಕಲಮುಗಳು ಬಿದ್ದವು. ಮನೆ ಬಿಟ್ಟು ತಾನು ಊರೊಳಗೇ ಒಂದು ಬಾಡಿಗೆ ಖೋಲಿ ಹಿಡಿಯುತ್ತೇನೆ ಎಂದು ರೇಣುಕಾಳೇ ಹೇಳಿದಳು. ಮನೆ ಗಂಡನದು, ಬಿಡುವವಳು ಹೆಂಡತಿ, ಇದರಲ್ಲಿ ಕೇಳುವುದೇನು? ಯಾರೂ ಕೇಳಲಿಲ್ಲ. ಊರು ಸಣ್ಣದು, ಇಬ್ಬರೂ ಅಲ್ಲೇ ಇರಬೇಕು, ಆದ್ದರಿಂದ ಊರನ್ನೇ ಹಂಚಬೇಕಾಯಿತು. ಹಿಟ್ಟಿನ ಗಿರಣಿಗೆ ಆಕೆ ಬೆಳಿಗ್ಗೆ, ಅವನು ಸಂಜೆ. ಗುಡಿಗೆ ಸೋಮವಾರ ಆಕೆ, ಗುರುವಾರ ಅವನು. ದಾರಿಯಲ್ಲಿ ಎದುರಾದರೆ ಏನು ಮಾಡಬೇಕು ಎಂಬುದಕ್ಕೆ ದೊಡ್ಡ ಚರ್ಚೆ ನಡೆದು, ಆರಾಮೇನು ಎಂದು ಕೇಳಬಹುದು, ಊಟ ಆಯಿತೇನು ಎಂದು ಕೇಳಕೂಡದು ಎಂದು ಬರೆದರು. ಮೊದಲನೆಯದು ಮರ್ಯಾದೆ, ಎರಡನೆಯದು ಸಂಸಾರ ಎಂದು ಬಾಯಾರು ವಿವರಿಸಿದರು. ಟಗರಿಗೂ ಒಂದು ಕಲಮು ಬಂತು. ಗುಡುಗ ರೇಣುಕಾಳ ಓಣಿಯಲ್ಲಿ ಹಾದುಹೋಗುವಾಗ ಕೊರಳ ಗೆಜ್ಜೆ ಬಿಚ್ಚಿರಬೇಕು.

ಬಂಗಾರದ ಮಾತು ಬಂದಾಗ ರೇಣುಕಾ ತಲೆ ಅಲ್ಲಾಡಿಸಿ, ಬಂಗಾರ ಬೇಡ, ಭಾಂಡೆ ಬೇಡ, ಜೀವನಾಂಶವೂ ಬೇಡ ಎಂದಳು. ಬಾಯಾರು ಪೆನ್ನು ಕೆಳಗಿಟ್ಟು ಬೈದರು. ತವರಿನಿಂದ ತಂದದ್ದು ಕಾನೂನಿನಲ್ಲೇ ನಿನ್ನದು, ಸಿಟ್ಟಿನಲ್ಲಿ ಬಿಟ್ಟದ್ದು ಸಿಟ್ಟು ಇಳಿದ ಮೇಲೆ ತಿರುಗಿ ಸಿಗುವುದಿಲ್ಲ ಎಂದು ಅದನ್ನು ಬರೆದೇಬಿಟ್ಟರು. ಆಮೇಲೆ, ನಿನಗೆ ನಿಜವಾಗಿ ಏನು ಬೇಕು ಎಂದು ಕೇಳಿದರು.

“ಅತ್ತಿ ಬೇಕ್ರಿ,” ಎಂದಳು ರೇಣುಕಾ.

ಅತ್ತೆಯೇ ಎಂದು ಬಾಯಾರು ಕೇಳಿದರು. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು: “ನನಗ ತಾಯಿ ಇಲ್ರಿ. ಸಣ್ಣಾಕಿ ಇದ್ದಾಗ ಹೋದಳು. ತವರಮನ್ಯಾಗ ನನ್ನ ತಲಿ ಹಿಕ್ಕಾಕ ಯಾರೂ ಇರಲಿಲ್ಲ, ಗಂಟ ಗಂಟ ಕಟಗೊಂಡೇ ಮದಿವಿ ಆಗಿ ಬಂದೆ. ಮರುದಿನಾ ಅತ್ತಿ ಕರದು ಮುಂದ ಕುಂದರಿಸಿಕೊಂಡು, ಒಂದೊಂದು ಗಂಟ ಬಿಡಿಸಿ ಹಿಕ್ಕಿದಳು. ಗಂಡನ್ನ ಬಿಡತೇನಿ ಬಾಯಾರ. ಆಕಿನ್ನ ಬಿಟ್ಟ ಇರೂದು ನನ್ನ ಕೈಲೆ ಆಗೂದಿಲ್ಲ.”

ಹೇಳುತ್ತಲೇ ಆಕೆ ಅತ್ತುಬಿಟ್ಟಳು. ನಾನು ಎದುರಿನ ಪಾರ್ಟಿಯ ವಕೀಲ, ಅಳುವಂತಿರಲಿಲ್ಲ. ಈರಣ್ಣ ಮಾತ್ರ ಅಲ್ಲಿಯ ತನಕ ಎಲ್ಲಕ್ಕೂ ಹೂಂ ಅಂದವನು ಇಲ್ಲಿ ಎದ್ದು ನಿಂತ. ಹಡೆದವಳು ನನ್ನವಳು, ಆಕೆಯನ್ನು ಹೇಗೆ ಕೊಡಲಿ ಎಂದು ಅವನ ವಾದ. ಅವನದೂ ಸುಳ್ಳಲ್ಲ. ಮಕ್ಕಳು ಯಾರ ಹತ್ತಿರ ಇರಬೇಕು ಎನ್ನುವುದಕ್ಕೆ ಕಾನೂನಿದೆ, ತೀರ್ಪುಗಳಿವೆ. ಅತ್ತೆ ಯಾರ ಪಾಲಿಗೆ ಎನ್ನುವುದಕ್ಕೆ ನಮ್ಮ ಕಪಾಟಿನ ಯಾವ ಪುಸ್ತಕದಲ್ಲೂ ಏನೂ ಇರಲಿಲ್ಲ, ಕರಿಬೇವು ಬಿಟ್ಟರೆ.

ಬಾಯಾರಿಗೆ ಹುರುಪು ಬಂತು. ಇಂಥ ಕಲಮು ಯಾವ ವಕೀಲನೂ ಬರೆದಿರಲಿಕ್ಕಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಶುಕ್ಲಪಕ್ಷದಲ್ಲಿ ಗಂಗವ್ವ ಸೊಸೆಯ ಖೋಲಿಯಲ್ಲಿ, ಕೃಷ್ಣಪಕ್ಷದಲ್ಲಿ ಮಗನ ಮನೆಯಲ್ಲಿ. ಅಮಾವಾಸ್ಯೆಯ ಹೋಳಿಗೆ ಮಗನಿಗೆ, ಹುಣ್ಣಿಮೆಯದು ಸೊಸೆಗೆ. ಮೈಯಲ್ಲಿ ಆರಾಮ ಇಲ್ಲದಿದ್ದರೆ ಆ ಪಕ್ಷ ಯಾರದೋ ಅವರೇ ದವಾಖಾನೆಗೆ ತೋರಿಸಬೇಕು. ಇಷ್ಟಕ್ಕೆ ಇಬ್ಬರೂ ಒಪ್ಪಿದರು. ನಾನು ಸುಮ್ಮನಿರಬಾರದೇ? ಅಧಿಕಮಾಸ ಬಂದರೆ ಹೇಗೆ ಎಂದು ಕೇಳಿದೆ. ಅಧಿಕಮಾಸದ ಗಂಗವ್ವ ಯಾರಿಗೆ ಎಂಬ ಜಗಳದಲ್ಲಿ ಆ ತಾಟು ಗಿರ್ಮಿಟ್ಟು ಖಾಲಿಯಾಗಿ ಇನ್ನೊಂದು ತಾಟು ಕಲಸಬೇಕಾಯಿತು.

ಅಂತೂ ಮುಗಿಯಿತು. ಕರಾರು ಟೈಪಾಗಿ ಬಂತು. ರೇಣುಕಾ ಸಹಿ ಮಾಡಲು ಬಗ್ಗಿದಳು. ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಗಂಗವ್ವ ಒಳಗೆ ಬಂದು, ಪೇರಲದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೇಜಿನ ಹತ್ತಿರ ನಿಂತಳು.

“ಬಾಯಾರ, ಇದರಾಗ ನನ್ನ ಸಹಿ ಎಲ್ಲೈತಿ?”

ನಿಮ್ಮ ಸಹಿ ಬೇಕಾಗುವುದಿಲ್ಲ ಎಂದು ನಾನು ತಿಳಿವಳಿಕೆ ಹೇಳಲು ಹೋದೆ. ಕರಾರು ಇರುವುದು ಗಂಡ ಹೆಂಡತಿಯ ನಡುವೆ ಎಂದೆ.

“ಹಂಗೂ ಐತೇನು?” ಎಂದಳು ಗಂಗವ್ವ. “ಎಮ್ಮಿ ಮಾರೂದಿದ್ರೂ ಎಮ್ಮಿ ಹಲ್ಲ ಹಿಡದ ನೋಡತಾರ. ನೀವು ಚಂದ್ರನ್ನ ನೋಡಿ ನನ್ನ ಹಂಚೀರಿ. ನನ್ನ ಮಾರಿ ನೋಡಲಿಲ್ಲ.”

ಬಾಯಾರ ಕೈ ಶೇಂಗಾದ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಅವರ ಮುಖ ಕೆಂಪಾಗಿದ್ದನ್ನು ನಾನು ನೋಡಿದ್ದು ಅವತ್ತೇ. ತಾವೇ ಎದ್ದು, ತಮ್ಮ ಕುರ್ಚಿಯ ದಿಂಬು ಸರಿಪಡಿಸಿ, ಗಂಗವ್ವನನ್ನು ಅದರ ಮೇಲೆ ಕೂಡಿಸಿ, ತಾವು ಕಕ್ಷಿದಾರರ ಬೆಂಚಿನ ಮೇಲೆ ರೇಣುಕಾಳ ಪಕ್ಕ ಕೂತರು. “ತಪ್ಪಾತ್ರಿ ಅವ್ವ. ಹೇಳ್ರಿ, ನಿಮಗ ಯಾರ ಕಡೆ ಇರಬೇಕು ಅಂತೈತಿ?”

“ನಾ ಯಾರ ಕಡೀನೂ ಇರೂದಿಲ್ಲ. ನಾ ನನ್ನ ಮನ್ಯಾಗ ಇರತೇನಿ.”

ರೇಣುಕಾಳ ಮುಖ ಇಳಿದುಹೋಯಿತು. ಈರಣ್ಣ ಗೆದ್ದೆ ಎಂಬಂತೆ ಮೀಸೆಗೆ ಕೈ ಹಾಕಿದ. ಹಾಗಾದರೆ ಮಗನ ಮನೆಯಲ್ಲೇ ಎಂದಾಯಿತಲ್ಲ ಎಂದು ಬಾಯಾರು ಬೇಸರದಿಂದ ಕೇಳಿದರು.

“ಮಗಂದು ಯಾಕಾಗತೈತಿ?” ಎಂದಳು ಗಂಗವ್ವ. “ನಮ್ಮಪ್ಪ ನನಗ ಬರದು ಕೊಟ್ಟ ಮನಿ ಅದು. ನನ್ನ ಗಂಡ ಮನಿ ಅಳ್ಯಾ ಆಗಿ ಬಂದಿದ್ದ. ಪಂಚಾಯ್ತಿ ಉತಾರಾ ಇಂದಿಗೂ ನನ್ನ ಹೆಸರಿಲೇ ಐತಿ.”

ಬಾಯಾರು ನಿಧಾನವಾಗಿ ಈರಣ್ಣನ ಕಡೆ ತಿರುಗಿದರು. ಅವನು ನನ್ನ ಕಡೆ ತಿರುಗಿದ. ನಾನು ಕಪಾಟಿನ ಕಡೆ ತಿರುಗಿದೆ. ಹೌದು, ಅವ್ವನ ಹೆಸರಿಲೇ ಐತಿ, ನೀವು ಯಾರೂ ಕೇಳಲಿಲ್ಲವಲ್ಲ ಎಂದು ಅವನು ಮುಗ್ಧನಾಗಿ ಹೇಳಿದ. ನಾನು ಅವನ ವಕೀಲ, ಮೊದಲು ಕೇಳಬೇಕಾದವನು ನಾನೇ. ಗಿರಣಿ ಹಂಚಿದ್ದೆವು, ಗುಡಿ ಹಂಚಿದ್ದೆವು, ಟಗರಿನ ಗೆಜ್ಜೆ ಬಿಚ್ಚಿಸಿದ್ದೆವು. ಮನೆ ಯಾರದು ಎಂದು ಇಬ್ಬರು ವಕೀಲರಲ್ಲಿ ಒಬ್ಬರೂ ಕೇಳಿರಲಿಲ್ಲ. ದೊಡ್ಡದ್ದನ್ನು ಯಾರೂ ಮರೆಯುವುದಿಲ್ಲವಂತೆ!

ಬಾಯಾರು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಬೆಂಚಿನ ಮೇಲಿಂದ ಸರಿದು, ಪಕ್ಕದ ರೇಣುಕಾಳನ್ನು ಹಿಡಿದುಕೊಂಡು ಕೂತರು. ಅವರ ನಗು ಕೇಳಿ ಎದುರಿನ ಹೋಟೆಲಿನವನು ಕರೆಯದೇ ಚಹಾ ತಂದಿಟ್ಟ. ಆಮೇಲೆ ಅಷ್ಟು ಚಂದದ ಕರಾರನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿ, ಹೊಸ ಹಾಳೆ ತೆಗೆದುಕೊಂಡು, ಹೇಳವ್ವ ಎಂದರು.

ಗಂಗವ್ವ ಹೇಳಿದಳು, ಬಾಯಾರು ಬರೆದರು. ಮನೆ ನನ್ನದು, ಅದರಲ್ಲಿ ಯಾರಿರಬೇಕು ಎಂದು ಹೇಳುವವಳು ನಾನು. ರೇಣುಕಾ ಇರಲಿ. ಮಗ ತೋಟದ ಶೆಡ್ಡಿನಲ್ಲಿ ಇರಲಿ, ಟಗರೂ ಅವನ ಜೊತೆ ಇರಲಿ. ಅವನೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ, ಮಧ್ಯಾಹ್ನ ಹಿತ್ತಿಲ ಬಾಗಿಲಿಗೆ ಬಂದರೆ ರೊಟ್ಟಿ ನಾನು ಕೊಡುತ್ತೇನೆ, ಆಕೆ ಕೊಡಬೇಕಾಗಿಲ್ಲ. ಫ್ಯಾನು ಮನೆಯಲ್ಲೇ ಇರಬೇಕು. ಗಿರಣಿ, ಗುಡಿ, ಗೆಜ್ಜೆ, ದಾರಿಯ ಮಾತಿನ ಹಳೆಯ ಕಲಮುಗಳನ್ನು ಬಾಯಾರು ಅದರ ಕೆಳಗೆ ಹಾಗೇ ಇಳಿಸಿಕೊಂಡರು.

ಶೆಡ್ಡಿನಲ್ಲಿ ಗುಡುಗನಿಗೆ ಸೆಕೆಯಾಗುತ್ತದೆ ಎಂದು ಈರಣ್ಣ ಗೊಣಗಿದ. ಈ ಸಲ ಅವನು ಗೊಣಗುವ ಮೊದಲು ವಿಚಾರ ಮಾಡಲಿಲ್ಲ. ರೇಣುಕಾ ಅದನ್ನು ಗಮನಿಸಿ, ನೋಡ್ರಿ, ಟಗರಿಗೆ ವಿಚಾರ ಬೇಕಾಗುವುದಿಲ್ಲ ಎಂದಳು. ಆಮೇಲೆ ಪೆನ್ನು ಎತ್ತಿಕೊಂಡು ಸಹಿ ಮಾಡಿದಳು.

ಆಮೇಲೆ ಬಾಯಾರು ಬದಲಾದರು. ತೀರ ಬದಲಾದರು ಎಂದರೆ ಸುಳ್ಳಾಗುತ್ತದೆ, ಕುಕ್ಕರಿನ ಶಿಟಿಗಳನ್ನು ಹಂಚುವುದು ನಿಲ್ಲಲಿಲ್ಲ. ಆದರೆ ಯಾವ ಜೋಡಿ ಬಂದರೂ ಮೊದಲು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಯಾರಾದರೂ ಕೂತಿದ್ದಾರೆಯೇ ಎಂದು ನೋಡುತ್ತಿದ್ದರು. ಒಮ್ಮೆ ಬಸ್ಸಿಗಾಗಿ ಸುಮ್ಮನೆ ನೆರಳಿಗೆ ಕೂತಿದ್ದ ಸಾಲಹಳ್ಳಿಯ ಹಿರಿಯರೊಬ್ಬರನ್ನು ಕೈಹಿಡಿದು ಒಳಗೆ ಕರೆತಂದು, ಈ ಮದುವೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನು ಎಂದು ಕೇಳಿದರು. ಅವರು ಪರಿಚಯವೇ ಇಲ್ಲದ ಆ ಜೋಡಿಯನ್ನು ಮೇಲಿಂದ ಕೆಳಗೆ ನೋಡಿ, ಹುಡುಗಿ ಚಲೋ ಅದಾಳ, ಹುಡುಗಂದು ಗೊತ್ತಾಗೂದಿಲ್ಲ ಎಂದು ಹೇಳಿ, ಗಿರ್ಮಿಟ್ಟು ತಿಂದು, ಬಸ್ಸು ತಪ್ಪಿಸಿಕೊಂಡು ಹೋದರು.

ವರ್ಷ ಕಳೆದು, ರೇಣುಕಾ ಮತ್ತು ಈರಣ್ಣ ಇಬ್ಬರೂ ಒಪ್ಪಿ ಹಾಕಿದ ಅರ್ಜಿ ಆದೇಶಕ್ಕೆ ಬಂತು. ಕಟಕಟೆಯ ಹತ್ತಿರ ರೇಣುಕಾಳ ಪಕ್ಕದಲ್ಲಿ ಗಂಗವ್ವನೂ ನಿಂತಿದ್ದಳು. ನ್ಯಾಯಾಧೀಶರು ದಕ್ಷಿಣದ ಕಡೆಯಿಂದ ಹೊಸದಾಗಿ ಬಂದವರು, ಸೌಮ್ಯ ಮನುಷ್ಯ. ಅಜ್ಜಿ, ನೀವು ಯಾರು ಎಂದು ಕೇಳಿದರು. ಗಂಗವ್ವ ರೇಣುಕಾಳ ರಟ್ಟೆ ಹಿಡಿದುಕೊಂಡು, ಇಕಿ ನನ್ನ ಸೊಸಿ ಎಂದಳು. ನ್ಯಾಯಾಧೀಶರು ನಕ್ಕು, ಮೃದುವಾಗಿ ಹೇಳಿದರು: “ಇವತ್ತಿನ ಆದೇಶ ಆದ ಮೇಲೆ ಇವರು ನಿಮ್ಮ ಸೊಸೆ ಆಗುವುದಿಲ್ಲವಲ್ಲ ಅಜ್ಜಿ.”

ರೇಣುಕಾ ತಲೆ ತಗ್ಗಿಸಿದಳು. ಅದೊಂದು ಮಾತಿಗೇ ಆಕೆ ವರ್ಷವಿಡೀ ಹೆದರಿದ್ದಳು ಎಂದು ಕಾಣುತ್ತದೆ. ಬಾಯಾರು ಏನೋ ಹೇಳಲು ಮುಂದೆ ಬಂದರು. ಅವರಿಗಿಂತ ಮೊದಲು ಗಂಗವ್ವ ಹೇಳಿದಳು.

“ಅವನ್ನ ಬಿಟ್ಟಾಳ್ರಿ ಸಾಹೇಬ್ರ. ನನ್ನ ಬಿಟ್ಟೇನಿ ಅಂತ ಎಲ್ಲಿ ಬರದಾಳ, ತೋರಸ್ರಿ.”

ನ್ಯಾಯಾಧೀಶರು ಅರ್ಜಿಯ ಜೊತೆಗಿದ್ದ ಕರಾರನ್ನು ಕೈಗೆತ್ತಿಕೊಂಡರು. ನಿಜವಾಗಿಯೂ ಹುಡುಕಿದರು. ಗಿರಣಿಯ ಕಲಮು, ಗೆಜ್ಜೆಯ ಕಲಮು, ಊಟ ಆಯಿತೇನು ಎಂದು ಕೇಳಬಾರದೆಂಬ ಕಲಮು, ಎಲ್ಲವನ್ನೂ ದಾಟಿ ಕೊನೆಯ ಹಾಳೆಯ ತನಕ ಹೋದರು. ಆಮೇಲೆ ಕನ್ನಡಕ ತೆಗೆದು, “ಎಲ್ಲೂ ಇಲ್ಲ ಅಜ್ಜಿ,” ಎಂದರು.

ಗಂಗವ್ವ ರೇಣುಕಾಳನ್ನು ಕರೆದುಕೊಂಡು ಹೊರಟಳು. ರೇಣುಕಾ ಅಳುತ್ತ ನಗುತ್ತ ಆಕೆಯ ಹಿಂದೆ ಹೋದಳು. ಸೊಸೆ ಸೊಸೆಯಾಗಿಯೇ ಇರುತ್ತಾಳೆ ಎಂದು ಕರಾರಿನಲ್ಲಿ ಒಂದು ಮಾತು ಬರೆಯಬೇಕಿತ್ತೇನೋ ಎಂದು ನಾನು ಬಾಯಾರ ಕಿವಿಯಲ್ಲಿ ಹೇಳಿದೆ. ಅವರ ಕಣ್ಣು ತುಂಬಿತ್ತು, ಜೇಬಿನೊಳಗಿನ ಕೈ ಓಡಾಡುವುದನ್ನು ಮರೆತಿತ್ತು.

“ಸುಮ್ನಿರ ತಮ್ಮಾ,” ಎಂದರು. “ಬರದಿಟ್ಟಿದ್ರ ಅದಕ್ಕೂ ಯಾವನರ ಒಬ್ಬ ತಕರಾರು ತಗೀತಿದ್ದ.”